ಹುಡುಗಿಯರ ಬೆನ್ನ ಹಿಂದಿನ ಗೋಡೆ

ದ್ಯಾಮವ್ವ ಕೊಡ ಬಗ್ಗಿಸಿ ನನ್ನ ಮೈಮೇಲೆ ನೀರು ಹೊಯ್ಯುತ್ತಿದ್ದಳು. ಆಗಿನ್ನೂ ನಾನು ಹಸಿ ಗೋಡೆ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ, ಗ್ಯಾಸ್ ಸಿಲಿಂಡರ್ ಇಡುವ ಕೋಣೆಗೂ ಊಟದ ಮನೆಗೂ ನಡುವೆ ಹುಟ್ಟಿದವಳು ನಾನು. ದ್ಯಾಮವ್ವ ಅಲ್ಲಿ ಅಡುಗೆಯವಳು.

ಕಬ್ಬಿಣ ಒತ್ತಾಗಿ ಹೆಣೆಸಿ, ಕಾಂಕ್ರೀಟು ತುಂಬಿಸಿ ನನ್ನನ್ನು ನಿಲ್ಲಿಸಿದವರು ಎಂಜಿನಿಯರ್ ನಫೀಸಾ. ಕೋಣೆಯ ಮೂರು ಬದಿಗೆ ನನ್ನಂಥ ಗೋಡೆಗಳು. ಬಯಲಿನತ್ತ ಮಾತ್ರ ತೆಳು ತಗಡು.

"ಇದೇನ್ರೀ ಬಾಯಾರ, ಮೂರು ಕಡೆ ಕೋಟೆ, ಒಂದ್ ಕಡೆ ಹಪ್ಪಳ?" ದ್ಯಾಮವ್ವ ನಕ್ಕಳು.

"ಒಳಗ ಗ್ಯಾಸ್ ಸಿಡಿದ್ರ ಆ ಜೋರು ಎಲ್ಲೆರೆ ಹೋಗಬೇಕಲ್ಲ. ಹಪ್ಪಳ ಬಯಲಿಗೆ ಹಾರ್ಲಿ, ಕೋಟೆ ಹುಡುಗ್ಯಾರನ್ನ ಕಾಯ್ಲಿ" ಎಂದರು ನಫೀಸಾ.

ನಫೀಸಾ ವರ್ಗವಾಗಿ ದೂರದೂರಿಗೆ ಹೋದರು. ಆಮೇಲೊಮ್ಮೆ ಕಳ್ಳರು ತಗಡು ಬಿಚ್ಚಿ ಸಿಲಿಂಡರ್ ಹೊತ್ತೊಯ್ದರು. ವಾರ್ಡನ್ ಬಸಲಿಂಗಯ್ಯ ಯಾರನ್ನೂ ಕೇಳದೆ ಅಲ್ಲಿ ದಪ್ಪ ಇಟ್ಟಿಗೆ ಗೋಡೆ ಎಬ್ಬಿಸಿ, ಕಾಯಿ ಒಡೆಸಿದರು.

ಅಂದಿನಿಂದ ನನಗೆ ಭಯ. ಸಿಡಿದರೆ ಬಯಲಿನ ದಾರಿಯಿಲ್ಲ. ಎಲ್ಲವೂ ನನ್ನ ಮೇಲೇ ತಿರುಗಿ ಬೀಳುತ್ತದೆ. ನಾನು ಗಟ್ಟಿ, ಆದರೆ ಅಷ್ಟು ಗಟ್ಟಿಯಲ್ಲ. ನನ್ನ ಇನ್ನೊಂದು ಮಗ್ಗುಲಿಗೆ ಹುಡುಗಿಯರು ಸಾಲಾಗಿ ಒರಗಿ ಕೂತು ರೊಟ್ಟಿ ಮುರಿಯುತ್ತಾರೆ. ಅವರು ನಕ್ಕರೆ ನನ್ನ ಮೈ ಅದುರುತ್ತದೆ.

"ಈ ಇಟ್ಟಂಗಿ ಗ್ವಾಡಿ ಇರಬಹುದೇನಂತ ನಫೀಸಾ ಬಾಯಾರಿಗೆ ಪತ್ರ ಬರದು ಕೇಳ್ರೀ ಸರ" ಎಂದು ದ್ಯಾಮವ್ವ ಬೆನ್ನು ಹತ್ತಿದಳು. "ಬರೀತೇನಿ, ತಡಿಯವಾ" ಎನ್ನುವರು ಬಸಲಿಂಗಯ್ಯ. ತಪ್ಪು ಒಪ್ಪಿಕೊಳ್ಳಬೇಕಾಗುತ್ತದೆಂದು ಅವರಿಗೆ ಪೆನ್ನು ಏಳುತ್ತಿರಲಿಲ್ಲ. ಹೀಗೇ ಎರಡು ಮಳೆಗಾಲ ಹೋದವು.

ಮೊನ್ನೆ ಕೊಳವೆ ಸೋರಿತು. ಗ್ಯಾಸು ನೆಲ ಹಿಡಿದು ಹರಿದು ಬಂದು ನನ್ನ ಬುಡದಲ್ಲಿ ಮಡುಗಟ್ಟಿತು. ಆಚೆ ಹುಡುಗಿಯರು ಊಟಕ್ಕೆ ತಾಟು ಬಡಿಯುತ್ತಿದ್ದರು. ಒಂದು ಕಿಡಿ ಸಾಕಿತ್ತು. ವಾಸನೆ ಹಿಡಿದ ದ್ಯಾಮವ್ವ, ಸ್ವಿಚ್ ಮುಟ್ಟಬೇಡಿರೆಂದು ಕೂಗಿ ಎಲ್ಲರನ್ನೂ ಬಯಲಿಗೆ ಅಟ್ಟಿ, ಸಿಲಿಂಡರ್ ಬಂದ್ ಮಾಡಿದಳು. ಆ ಗ್ಯಾಸು ಹೊರಹೋಗಲು ಬಹಳ ಹೊತ್ತು ಹಿಡಿಯಿತು. ನಾನು ಉಸಿರಿಲ್ಲದವಳು, ಆದರೂ ಉಸಿರು ಕಟ್ಟಿ ನಿಂತಿದ್ದೆ.

ಕೊಳವೆ ರಿಪೇರಿಯಾಯಿತು. "ಏನೂ ಆಗ್ಲಿಲ್ಲಲ್ಲ, ಒಲಿ ಹಚ್ಚವಾ" ಎಂದರು ಬಸಲಿಂಗಯ್ಯ.

"ನೀವು ಪತ್ರ ಹಾಕಿ ಬರ್ರಿ. ಆಮ್ಯಾಲೆ ಹಚ್ತೇನಿ."

"ಹುಡುಗ್ಯಾರು ಹಸದಾರಲ್ಲ."

"ಹಸದಾರ್ರೀ. ಬದುಕ್ಯಾರಲ್ಲ."

ಬಸಲಿಂಗಯ್ಯ ಕಾಗದ, ಪೆನ್ನು ತಂದರು. ನನಗೇ ಒರಗಿ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡರು. 'ನಿಮ್ಮನ್ನು ಕೇಳದೆ ಕಟ್ಟಿಸಿದೆ' ಎಂಬಲ್ಲಿ ಪೆನ್ನು ನಿಂತಿತು. ಆಮೇಲೆ ಮುಂದೆ ಸಾಗಿತು.

ಈಗ ನನ್ನ ಮೈಯಲ್ಲಿ ವಯಸ್ಸಿನ ಸಣ್ಣ ಬಿರುಕುಗಳಿವೆ. ಜನ ನನ್ನ ಗಟ್ಟಿತನ ಹೊಗಳುವಾಗ, ಮೊದಲು ನನ್ನನ್ನು ಕಾಯುತ್ತಿದ್ದುದು ಆ ತೆಳು ತಗಡು ಎಂದು ಹೇಳಬೇಕೆನಿಸುತ್ತದೆ.

"ಪತ್ರ ಪೆಟ್ಟಿಗಿಗೆ ಹಾಕಿದೆ" ಎನ್ನುತ್ತ ಬಸಲಿಂಗಯ್ಯ ಮರಳಿ ಬಂದರು. ದ್ಯಾಮವ್ವ ಒಲೆಯ ಕಡೆ ನಡೆದಳು. ಇಟ್ಟಿಗೆ ಗೋಡೆ ಇನ್ನೂ ಅಲ್ಲೇ ಇತ್ತು. ಕಡ್ಡಿ ಗೀಚಿದ ಸದ್ದಿಗೆ ನಾನು ಮೈಯೆಲ್ಲ ಬಿಗಿಹಿಡಿದೆ.