ಹ್ಯಾಂಡ್‌ಬ್ರೇಕ್ ಹೊಂದಿಸುವ ಇಬ್ಬರು

ಶಿಗ್ಗಾಂವಿಯಾಚೆ ಹೆದ್ದಾರಿ ಪಕ್ಕದ ಕಾರ್ಖಾನೆಯಲ್ಲಿ ಸಾಮಾನು ಸಾಗಿಸುವ ಸಣ್ಣ ಗಾಡಿಗಳನ್ನು ಜೋಡಿಸುತ್ತಾರೆ. ಅಲ್ಲಿ ಹ್ಯಾಂಡ್‌ಬ್ರೇಕಿನ ಕೇಬಲ್ ಹೊಂದಿಸುವುದು ಇಬ್ಬರ ಕೆಲಸ. ಒಬ್ಬರು ಸೀಟಿನಲ್ಲಿ ಕೂತು ಹಿಡಿಕೆ ಎಳೆಯಬೇಕು, ಇನ್ನೊಬ್ಬರು ಎತ್ತಿ ನಿಲ್ಲಿಸಿದ ಗಾಡಿಯ ಕೆಳಗೆ ನಿಂತು ನಟ್ ತಿರುವಬೇಕು. ಸಡಿಲಾದರೆ ಗಾಡಿ ಇಳಿಜಾರಿನಲ್ಲಿ ಜಾರುತ್ತದೆ. ಬಿಗಿಯಾದರೆ ಹಿಡಿಕೆ ಬಿಟ್ಟರೂ ಗಾಲಿ ಉಜ್ಜಿಕೊಂಡೇ ತಿರುಗುತ್ತದೆ.

ತಡಸದ ಶೈಲಶ್ರೀಗೆ ಈ ಕೆಲಸ ಕೈಗೆ ಹತ್ತಿತ್ತು. ಆದರೆ ಯುಗಾದಿ ಮುಗಿದ ಮೇಲೆ ಮೇಲ್ವಿಚಾರಕ ಅಂಬರೀಶ ಅವಳ ಜೋಡಿಗೆ ಪೂಜಾಳನ್ನು ಹಾಕಿದ. ಶೈಲಶ್ರೀಯ ಅಣ್ಣ ಸಂಜಯನ ಜೊತೆ ನಿಶ್ಚಯವಾಗಿದ್ದ ಮದುವೆಯನ್ನು ಒಲ್ಲೆನೆಂದವಳು ಇದೇ ಪೂಜಾ. ಯಾಕೆಂದು ಬಾಯಿಬಿಟ್ಟಿರಲಿಲ್ಲ. ಶೈಲಶ್ರೀಯ ಅವ್ವ ಓಣಿಯಲ್ಲೆಲ್ಲ ಆ ಹುಡುಗಿಯನ್ನು ಬೈದುಕೊಂಡು ತಿರುಗಿದ್ದಳು.

ಅಂಥವಳ ಜೊತೆ ಮಾತೇ ಬೇಡವೆಂದು ಶೈಲಶ್ರೀ ಕೆಳಗಿನಿಂದ ನಟ್ ತಿರುವುವ ಪಾನಾ ತಗೊಂಡು ಗಾಡಿಯ ಕಬ್ಬಿಣಕ್ಕೆ ಬಡಿಯತೊಡಗಿದಳು. ಒಮ್ಮೆ ಬಡಿದರೆ ಎಳೆಯಬೇಕು, ಎರಡು ಸಲ ಬಡಿದರೆ ಬಿಡಬೇಕು. ಪೂಜಾ ತುಟಿ ಬಿಚ್ಚದೆ ಅದನ್ನೇ ಕಲಿತಳು.

ಒಂದು ಮಧ್ಯಾಹ್ನ ಪಕ್ಕದಲ್ಲಿ ಯಾರದೋ ಕೈಯಿಂದ ರಾಡು ಜಾರಿ ಬಿತ್ತು. ಠಣ್ ಎಂದ ಸದ್ದಿಗೆ ಪೂಜಾ ಹಿಡಿಕೆ ಎಳೆದಳು. ಹಿಂದಿನ ಗಾಲಿಯ ಬಳಿ ಕೇಬಲ್ಲಿನ ತುದಿ ಕೂಡಿಸುತ್ತಿದ್ದ ಶೈಲಶ್ರೀಯ ಬೆರಳು ಸಿಕ್ಕಿಕೊಂಡಿತು.

"ಬಿಡು ಪೂಜಾ, ಬಿಡು!"

ಪೂಜಾ ಹಿಡಿಕೆ ಬಿಟ್ಟವಳೇ ಇಳಿದು ಓಡಿಬಂದಳು. ಎಲುಬಿಗೇನೂ ಆಗಿರಲಿಲ್ಲ, ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿತ್ತು. ಬೆರಳನ್ನು ನಳದ ನೀರಿಗೆ ಹಿಡಿಸುತ್ತ ಪೂಜಾಳೇ ಅತ್ತುಬಿಟ್ಟಳು.

"ನಮ್ಮಣ್ಣನ್ನ ಯಾಕ ಒಲ್ಲೆ ಅಂದಿ?" ಶೈಲಶ್ರೀ ಕೇಳಿಯೇಬಿಟ್ಟಳು.

"ಲಗ್ನಾದ ಮ್ಯಾಲೆ ಕೆಲಸ ಬಿಡಬೇಕು ಅಂದ. ಆಗೂದಿಲ್ಲ ಅಂದೆ. ಹಂಗಾದ್ರ ನೀನ ಮುರಿ, ನನ್ನ ಹೆಸರು ತರಬ್ಯಾಡ ಅಂದ."

ಶೈಲಶ್ರೀ ನಳ ಬಂದ್ ಮಾಡಿದಳು. ತಾನು ಈ ಕೆಲಸಕ್ಕೆ ಸೇರಿದ ದಿನ ಓಣಿಗೆಲ್ಲ ಪೇಢೆ ಹಂಚಿದವನು ಅದೇ ಅಣ್ಣ. ತಂಗಿಗೆ ಒಂದು ನ್ಯಾಯ, ಹೆಂಡತಿಗೆ ಇನ್ನೊಂದು.

ಅಂಬರೀಶ ಬಂದು ಬೆರಳು ನೋಡಿದ. "ಕೂಗಿ ಹೇಳಾಕ ಬಾಯಿಗೆ ಏನಾಗಿತ್ತು? ನಾಳಿಂದ ಜೋಡಿ ಬದಲಿ ಮಾಡ್ತೇನಿ."

"ಬ್ಯಾಡ್ರಿ ಸರ್," ಎಂದಳು ಶೈಲಶ್ರೀ. "ತಪ್ಪು ನಂದ. ಇನ್ನ ಮಾತಾಡಿ ಮಾಡ್ತೇವಿ."

ಪಟ್ಟಿ ಸುತ್ತಿದ ಬೆರಳಿನಿಂದ ಪಾನಾ ಹಿಡಿಯಲಾಗಲಿಲ್ಲ. ಅವಳು ಸೀಟಿಗೆ ಹತ್ತಿದಳು, ಪೂಜಾ ಕೆಳಗೆ ಹೋದಳು. ಗಾಲಿಗಳು ಹಿಡಿದು ನಿಂತವು, ಬಿಟ್ಟಾಗ ಹಗುರಾಗಿ ತಿರುಗಿದವು. ಗಾಡಿ ಮುಂದಕ್ಕೆ ಹೋಯಿತು.

ಸಂಜೆ ಮನೆಯಲ್ಲಿ ಶೈಲಶ್ರೀ ಅಣ್ಣನ ಎದುರಿಗೇ ಅವ್ವನಿಗೆ ಎಲ್ಲ ಹೇಳಿದಳು. ಸಂಜಯ ತಲೆ ತಗ್ಗಿಸಿದ, ಇಲ್ಲವೆನ್ನಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಾಳೆ ಆ ಹುಡುಗಿ ಮನಿಗೆ ಹೋಗಿ ತಪ್ಪಾತು ಅಂತೇನಿ," ಎಂದು ಸಂಜಯನ ಕಡೆ ತಿರುಗಿದಳು. "ನೀನೂ ನಡಿ."