ಬಾಗಿಲಿಗೆ ಸುತ್ತಿದ ಕಾಲುಚೀಲ

ಸದ್ದು ಮಾಡಬೇಡಿ ಎಂದು ಅವಳು ಹೇಳಿದ್ದು ಒಂದೇ ಒಂದು ಸಲ. ಗಂಡ ತೀರಿಕೊಂಡ ಮರುದಿನ, ಅಡುಗೆಮನೆಯಲ್ಲಿ ಯಾರದೋ ಕೈಯಿಂದ ಸೌಟು ಜಾರಿ ಬಿದ್ದಾಗ. ಬಂದುಹೋಗುವವರು ಯಾರೂ ಆ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡವರು ಮಾವ ಒಬ್ಬರೇ. ಆ ಮನೆಯಲ್ಲಿ ಕಿವಿ ಕೇಳದವರೂ ಅವರೊಬ್ಬರೇ.

ಮಾವ ಕಾಲುಚೀಲ ಹೆಣೆಯುವ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಯಂತ್ರಗಳ ಗದ್ದಲ ಅವರ ಕಿವಿಯನ್ನು ಇಷ್ಟಿಷ್ಟೇ ತಿಂದು ಮುಗಿಸಿತ್ತು. ಕೆಲಸ ಬಿಡುವ ಹೊತ್ತಿಗೆ ಉಳಿದದ್ದು ತುಟಿಯ ಆಟ ನೋಡಿ ಮಾತು ಹಿಡಿಯುವ ಕಣ್ಣು, ಯಂತ್ರದ ಮೈ ಮುಟ್ಟಿ ನಡುಕ ಹಿಡಿಯುವ ಅಂಗೈ. ಸೊಸೆ ಸದ್ದು ಬೇಡ ಎಂದಳಲ್ಲ, ಆ ಅಂಗೈ ಈಗ ಮನೆಯ ಮೈಮೇಲೆ ಓಡಾಡತೊಡಗಿತು.

ಗಿರಣಿಯವರು ಬೇಡವೆಂದು ಬಿಟ್ಟ, ಜೋಡಿ ತಪ್ಪಿದ ಕಾಲುಚೀಲಗಳ ಮೂಟೆಯೊಂದು ಅಟ್ಟದ ಮೇಲಿತ್ತು. ಅದು ಕೆಳಗಿಳಿಯಿತು. ಮೊದಲು ಕುರ್ಚಿಗಳ ಕಾಲಿಗೆ ಚೀಲ ಬಂತು, ಒಂದೊಂದು ಕಾಲಿಗೆ ಒಂದೊಂದು ಬಣ್ಣ. ಆಮೇಲೆ ಮೇಜಿಗೆ, ಮಂಚಕ್ಕೆ. ತೊಟ್ಟಿಕ್ಕುವ ನಲ್ಲಿಗೆ ಉದ್ದನೆಯ ನೈಲಾನ್ ಚೀಲ ಕಟ್ಟಿ, ನೀರು ಅದರ ಮೈಮೇಲೇ ಜಾರಿ ಇಳಿಯುವಂತೆ ಮಾಡಿದರು. ತಟ್ಟೆಗೂ ತಟ್ಟೆಗೂ ನಡುವೆ ಕತ್ತರಿಸಿದ ಚೀಲದ ತುಂಡು. ಗಡಿಯಾರವಂತೂ ಉಣ್ಣೆಯ ಚೀಲದೊಳಗೆ ಸೇರಿಕೊಂಡು, ಚಳಿಗೆ ಮುದುರಿದ ಮುದುಕನಂತೆ ಮುಖವೊಂದನ್ನೇ ಹೊರಗಿಟ್ಟುಕೊಂಡಿತು.

ರಜೆಯ ದಿನ ಬಂದ ನಾದಿನಿ ಮನೆಯೆಲ್ಲ ಸುತ್ತಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಅತ್ತಿಗೆ, ನಿಮ್ಮನೆ ಮೇಜಿಗೆ ನನ್ನ ಗಂಡನಿಗಿಂತ ಒಳ್ಳೇ ಸಾಕ್ಸ್ ಇದೆಯಲ್ಲ!”

“ನಗಬೇಡ. ನಿಮ್ಮಪ್ಪಂಗೆ ಒಂದು ಮಾತು ಹೇಳು.”

“ನಾನ್ಯಾಕೆ ಹೇಳ್ಲಿ? ಏನೋ ಒಂದು ಹಚ್ಕೊಂಡಿದಾರೆ. ಮೂಲೆ ಹಿಡ್ದು ಅಳ್ತಾ ಕೂತಿದ್ರೆ ಚೆನ್ನಾಗಿರ್ತಿತ್ತಾ?”

“ನಂಗೆ ಹುಚ್ಚು ಹಿಡಿಯುತ್ತೆ ಕಣೇ.”

“ಹಿಡಿದ್ರೂ ಸದ್ದಿಲ್ದೆ ಹಿಡಿಯುತ್ತೆ ಬಿಡಿ.”

ಅವಳಿಗೆ ನಗು ಬರಲಿಲ್ಲ. ಹಗಲೆಲ್ಲ ಅವಳಿಗೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಅಲ್ಲಿ ಯಂತ್ರ ಗುಂಯ್‌ಗುಡುತ್ತದೆ, ಮಕ್ಕಳು ಸೂಜಿ ಕಂಡು ಅರಚುತ್ತವೆ, ಯಾರೋ ಯಾರನ್ನೋ ಬೈಯುತ್ತಾರೆ. ಮನೆಗೆ ಬಂದರೆ ಬಾವಿಯ ತಳಕ್ಕೆ ಇಳಿದ ಹಾಗೆ. ಮಾವನ ಜೊತೆ ಎರಡು ಮಾತಾಡೋಣವೆಂದರೆ ತುಟಿ ಎದ್ದು ಕಾಣುವ ಹಾಗೆ ಎದೆಯಿಂದ ಕೂಗಬೇಕು. ಕೂಗುವಷ್ಟು ಉಸಿರು ಅವಳಲ್ಲಿರಲಿಲ್ಲ. ಹೀಗಾಗಿ ಇಬ್ಬರೂ ಎದುರುಬದುರು ಕೂತು ಊಟ ಮುಗಿಸಿ ಏಳುತ್ತಿದ್ದರು, ಚಮಚದ ಸದ್ದೂ ಇಲ್ಲದೆ.

ಅವಳಿಗೆಂದು ಉಳಿದಿದ್ದದ್ದು ಮುಂಬಾಗಿಲು ಒಂದೇ.

ಅದರ ಮೇಲಿನ ಕೀಲು ಅವಳು ಮದುವೆಯಾಗಿ ಬಂದಾಗಿನಿಂದಲೂ ನರಳುತ್ತಿತ್ತು. ಉದ್ದಕ್ಕೆ ಒಂದು ರಾಗ, ಕೊನೆಗೆ ಬಿಕ್ಕಿದ ಹಾಗೆ ಒಂದು ಚಿಕ್ಕ ಸದ್ದು. ಎರಡು ಕೈಯಲ್ಲೂ ಸಾಮಾನು ಹಿಡಿದು ಬರುತ್ತಿದ್ದ ಗಂಡ ಬಾಗಿಲನ್ನು ಕಾಲಿನಿಂದಲೇ ನೂಕುತ್ತಿದ್ದ. “ಬಂದೆ” ಎಂದು ಅವನು ಬಾಯಿಬಿಟ್ಟು ಹೇಳಿದ್ದೇ ಇಲ್ಲ, ಬಾಗಿಲೇ ಹೇಳುತ್ತಿತ್ತು. ಈಗ ಲ್ಯಾಬಿನಿಂದ ಬಂದು ತಾನೇ ಆ ಬಾಗಿಲು ನೂಕುವಾಗ, ರಾಗಕ್ಕೂ ಬಿಕ್ಕಿಗೂ ನಡುವಿನ ಒಂದು ಗಳಿಗೆ, ಬಂದದ್ದು ತಾನಲ್ಲ ಅನ್ನಿಸುತ್ತಿತ್ತು. ಅಷ್ಟು ಸಾಕಾಗಿತ್ತು. ಇದೊಂದನ್ನು ಮುಟ್ಟಬೇಡಿ ಎಂದು ಮಾವನಿಗೆ ಹೇಳಿಯೂ ಇದ್ದಳು. ಅವರು ತಲೆಯಾಡಿಸಿದ್ದರು. ಆದರೆ ಕೇಳಿಸದ ಮಾತಿಗೆಲ್ಲ ಅವರು ತಲೆಯಾಡಿಸುವವರೇ.

ಆ ಸಂಜೆ ಬಾಗಿಲು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆರೆದುಕೊಂಡಿತು.

ಮೇಲಿನ ಕೀಲಿಗೆ ಬೂದು ಬಣ್ಣದ ಕಾಲುಚೀಲವೊಂದು ಬಿಗಿಯಾಗಿ ಸುತ್ತಿಕೊಂಡಿತ್ತು. ಹಿಮ್ಮಡಿಯಲ್ಲಿ ಕೆಂಪು ದಾರದ ಹೊಲಿಗೆ. ಬೂದು ದಾರ ಸಿಗದೆ ಗಂಡನೇ ಕೂತು ಹೊಲಿದುಕೊಂಡಿದ್ದ ಹೊಲಿಗೆ ಅದು. ಅಟ್ಟದ ಮೂಟೆ ಬರಿದಾಗಿತ್ತು; ಮಾವನ ಕೈ ಮಗನ ಬೀರುವಿಗೆ ಹೋಗಿತ್ತು.

ಅವಳು ಕುರ್ಚಿ ಹತ್ತಿ ಗಂಟು ಕಿತ್ತಳು. ಚೀಲ ಒದ್ದೆಯಾಗಿತ್ತು. ಎಣ್ಣೆ ಮೊಣಕೈವರೆಗೂ ಇಳಿಯಿತು. ಬಾಗಿಲು ನೂಕಿದಳು, ಎಳೆದಳು, ಮತ್ತೆ ನೂಕಿದಳು. ಸದ್ದಿಲ್ಲ.

ಗಾಳಿಯಾಡಿದ್ದು ತಿಳಿದು ಮಾವ ಒಳಗಿನಿಂದ ಬಂದರು.

“ಯಾಕಮ್ಮಾ ಬಿಚ್ಚಿದೆ? ಅದು ಬತ್ತಿ ಇದ್ದ ಹಾಗೆ. ಗಿರಣಿಯಲ್ಲಿ ಹಾಗೇ ಮಾಡ್ತಿದ್ವಿ. ಎಣ್ಣೆ ಕುಡಿಸಿ ಸುತ್ತಿಟ್ರೆ, ತಾನೇ ಒಂದೊಂದು ಹನಿ ಬಿಡ್ತಾ ಇರುತ್ತೆ.”

“ಮಾವ, ಇದು ಅವರ ಚೀಲ!”

“ಹಾಂ?”

“ಅವರ ಚೀಲ ಅಂದೆ! ಬಾಗಿಲು ಮುಟ್ಟಬೇಡಿ ಅಂತ ಹೇಳಿದ್ನಲ್ಲ!”

“ಸದ್ದು ಬೇಡ ಅಂದವಳು ನೀನೇ ಅಲ್ವಾ?”

“ಬೇಕು!” ಅವಳ ಗಂಟಲು ಹರಿಯಿತು. “ಸದ್ದು ಬೇಕು ನಂಗೆ! ಈ ಬಾಗಿಲಿನ ಸದ್ದು ಬೇಕು!”

ಎದುರುಮನೆಯ ಕಿಟಕಿ ತೆರೆದುಕೊಂಡಿತು. ಸದ್ದಿಗಾಗಿ ಹೀಗೆ ಬೀದಿಗೆ ಕೇಳುವಂತೆ ಕಿರುಚಬೇಕಾಯಿತಲ್ಲ ಎಂದು ಅವಳಿಗೆ ಮೈಯುರಿಯಿತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಮಾವ ಅವಳ ತುಟಿಯನ್ನೇ ನೋಡುತ್ತಿದ್ದರು. ಮುಂದೆ ಬಂದು ಕದದ ಮೇಲೆ ಅಂಗೈಯಿಟ್ಟರು.

“ಇದರ ಪಕ್ಕದ ಗೋಡೆಗೇ ನನ್ನ ಮಂಚ ತಾಗಿರೋದು,” ಎಂದರು. “ಇದು ನರಳಿದ್ರೆ ಆ ನಡುಕ ಮಂಚದೊಳಗೆ ಬರ್ತಿತ್ತು. ಅವನು ಬಂದ ಅಂತ ನಂಗೆ ಗೊತ್ತಾಗ್ತಿದ್ದದ್ದೂ ಹಾಗೇನೇ. ಈಗ ನೀನು ಬರೋವಾಗೆಲ್ಲ ಎದ್ದು ಕೂತ್ಬಿಡ್ತೀನಿ. ಆಮೇಲೆ ಮಲಗಬೇಕಲ್ಲ. ಎಷ್ಟು ಸಲ ಅಂತ ಮಲಗ್ಲಿ?”

ಅವಳು ಕುರ್ಚಿಯ ಮೇಲೆಯೇ ನಿಂತಿದ್ದಳು. ಸಿಟ್ಟು ಇಳಿಯಲಿಲ್ಲ. ಇಳಿಸುವುದಕ್ಕೆ ಜಾಗವಿಲ್ಲದ ಹೊರೆಯಂತೆ ಅದು ತಲೆಯ ಮೇಲೆಯೇ ನಿಂತಿತು.

“ಮಂಚ ಆಚೆ ಗೋಡೆಗೆ ಹಾಕೋಣ,” ಎಂದು ಬಿಡಿಸಿ ಬಿಡಿಸಿ ಹೇಳಿದಳು.

ಮಾವ ತಲೆಯಾಡಿಸಿದರು. ಈ ಸಲ ಅರ್ಥವಾಗಿಯೇ ಆಡಿಸಿದ್ದು.

ಅವಳು ಕೈಯಲ್ಲಿದ್ದ ಚೀಲದಿಂದಲೇ ಕೀಲು ಉಜ್ಜತೊಡಗಿದಳು.

“ಅದರಲ್ಲಿ ಒರೆಸಿದ್ರೆ ಇನ್ನೂ ಎಣ್ಣೆ ಹತ್ತುತ್ತೆ ಮಾರಾಯ್ತಿ. ಒಣಗಿದ್ದು ಬೇಕು.” ಅವರು ಬಗ್ಗಿ, ಅವಳು ನಿಂತಿದ್ದ ಕುರ್ಚಿಯ ಪಕ್ಕದ ಕುರ್ಚಿಯನ್ನು ಮಗುಚಿ, ಅದರ ಕಾಲಿನಿಂದ ಚೀಲ ಕಿತ್ತು ಕೊಟ್ಟರು. ಅದು ಕಪ್ಪಾಯಿತು. ಇನ್ನೊಂದು ಕೊಟ್ಟರು. ಅದೂ ಕಪ್ಪಾಯಿತು. ಮಗನ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು ಹಿಂಡಿ, ಮಡಚಿ, ಕಿಟಕಿಯ ಮೇಲಿಟ್ಟರು. ಅದರಲ್ಲೀಗ ಎಣ್ಣೆಯ ವಾಸನೆ ಬಿಟ್ಟು ಬೇರೇನೂ ಇರಲಿಕ್ಕಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೂಸಿ ನೋಡಲಿಲ್ಲ.

ಕುರ್ಚಿಯ ನಾಲ್ಕು ಕಾಲೂ ಬರಿದಾದವು. ಬಾಗಿಲು ಮಾತ್ರ ಮೂಕವಾಗಿಯೇ ಇತ್ತು.

“ಎಷ್ಟು ದಿನ ಇರುತ್ತೆ ಇದು?” ಕೂಗಿ ಕೇಳಿದಳು.

“ನಾನು ಹಾಕಿದ ಎಣ್ಣೆ ಕಣಮ್ಮ,” ಎಂದರು ಮಾವ. ಅಭಿಮಾನದಿಂದ ಶುರುವಾದ ಮಾತು ಮುಗಿಯುವಷ್ಟರಲ್ಲಿ ಸಣ್ಣದಾಯಿತು. “ಇರುತ್ತೆ. ತುಕ್ಕು ಬರೋವರೆಗೂ ಇರುತ್ತೆ.”

ಕೆಳಗಿನ ಕೀಲಾದರೂ ನರಳೀತೇನೋ ಕೂತು ನೋಡೋಣವೆಂದು ಅವರು ಆ ಬರಿಗಾಲಿನ ಕುರ್ಚಿಯನ್ನು ತಮ್ಮ ಕಡೆ ಎಳೆದುಕೊಂಡರು. ನೆಲದ ಮೇಲೆ ಅದು ಕರ್ಕಶವಾಗಿ, ಹಲ್ಲು ಜುಂ ಎನ್ನುವ ಹಾಗೆ ಕಿರುಚಿತು. ಅವಳು ಬೆಚ್ಚಿ ಬಾಗಿಲು ಹಿಡಿದುಕೊಂಡಳು. ಮಾವನಿಗೆ ಕೇಳಿಸಿದ್ದು ಅವಳ ಮುಖ ಮಾತ್ರ.

“ಏನಾಯ್ತು? ಬೇಡ್ವಾ?”

“ಇರ್ಲಿ,” ಎಂದಳು. “ಎಳ್ಕೊಳ್ಳಿ.”