ಮೋಮೊ ರಾಜನ ತೂಕ

ಸಣ್ಣಗಾಗಿದ್ದಾನೆಂದು ಇಡೀ ಊರು ಎವಿಲಾಸಿಯೊನನ್ನು ಹೊಗಳುತ್ತಿದ್ದರೆ ಅವನ ಹೆಂಡತಿ ದಾಲ್ವಿನಾ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಳು. ಬಟ್ಟೆ ಹೊಲಿಯುವವಳು, ಕಣ್ಣಿಗಿಂತ ಟೇಪನ್ನು ನಂಬುವವಳು. ಐದು ತಿಂಗಳಲ್ಲಿ ಗಂಡನ ಮೇಲಂಗಿಯನ್ನು ಮೂರು ಸಲ ಬಿಗಿ ಮಾಡಿದ್ದಳು. ಒಂದು ಸಲವೂ ಬಟ್ಟೆ ಕತ್ತರಿಸಿರಲಿಲ್ಲ, ಒಳಗೇ ಮಡಿಸಿ ಹೊಲಿದಿದ್ದಳು. ಕತ್ತರಿಸಲು ಕೈ ಬಂದಿರಲಿಲ್ಲ.

ಅದು ಮೋಮೊ ರಾಜನ ಮೇಲಂಗಿ. ಕಾರ್ನಿವಾಲ್ ಹಬ್ಬದ ನಾಲ್ಕು ದಿನ ಊರಿನ ಕೀಲಿಕೈ ಹಿಡಿದು ಕುಣಿಯುವ ರಾಜ ನೂರಿಪ್ಪತ್ತು ಕಿಲೋಗಿಂತ ಕಡಿಮೆ ಇರಕೂಡದು ಎಂಬುದು ಆ ಕಡಲೂರಿನ ಮೀನುಗಾರರ ಹಟ. ಬಡಕಲು ರಾಜ ಬಂದರೆ ವರ್ಷವಿಡೀ ಬಲೆ ಖಾಲಿಯಂತೆ. ಮಾರುಕಟ್ಟೆಯಲ್ಲಿ ಐಸು ಹೊರುವ ಎವಿಲಾಸಿಯೊ ಹನ್ನೊಂದು ವರ್ಷದಿಂದ ಅಲ್ಲಿನ ರಾಜ.

ಆ ಹನ್ನೊಂದು ವರ್ಷವೂ ಆರೋಗ್ಯ ಕೇಂದ್ರದ ನರ್ಸ್ ಜುಲೇಯ್ದೆಯದು ಒಂದೇ ರಾಗ. ಮಂಡಿ ನೋವೇ, ತೂಕ ಇಳಿಸು. ಕೆಮ್ಮೇ, ತೂಕ ಇಳಿಸು. ಒಮ್ಮೆ ಕಿವಿಗೆ ನೀರು ಹೊಕ್ಕಿದ್ದಕ್ಕೂ ಅದನ್ನೇ ಅಂದಿದ್ದಳು. ಕಳೆದ ತಿಂಗಳು ದಾಲ್ವಿನಾ ಗಂಡನನ್ನು ಎಳೆದುಕೊಂಡು ಹೋದರೆ, ಜುಲೇಯ್ದೆ ತೂಕ ನೋಡಿ ಚಪ್ಪಾಳೆ ತಟ್ಟಿದಳು.

“ಅಂತೂ ನಮ್ ದೊರೆಗೆ ಬುದ್ಧಿ ಬಂತು. ಹಿಂಗೇ ಮುಂದುವರಿಸಪ್ಪ,” ಅಂದು, ನಾಡಿ ಕೂಡ ಹಿಡಿಯದೆ ಕಳಿಸಿಬಿಟ್ಟಳು.

ಮುಂದುವರಿಸುವುದೇನು ಮಣ್ಣು. ಅವನು ಊಟದಲ್ಲಿ ಏನನ್ನೂ ಬಿಟ್ಟಿರಲಿಲ್ಲ. ಕರಿದ ಮೀನು, ಬೀನ್ಸು, ಮರಗೆಣಸಿನ ಹಿಟ್ಟು, ಎಲ್ಲವನ್ನೂ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದ. ಕೊಡಗಟ್ಟಲೆ ನೀರು ಕುಡಿಯುತ್ತಿದ್ದ. ಆದರೂ ಬೆಲ್ಟಿಗೆ ಮತ್ತೊಂದು ತೂತು ಬೇಕಾಗುತ್ತಿತ್ತು.

ಹಬ್ಬಕ್ಕೆ ಮುಂಚೆ ರಾಜನನ್ನು ಊರ ಮುಂದೆ ತೂಗಲು ಎರಡು ದಿನವಿರುವಾಗ ಅವನು ಬಲೆಗೆ ಕಟ್ಟುವ ಸೀಸದ ಗುಂಡುಗಳ ಚೀಲ ತಂದು ಅವಳ ಮುಂದಿಟ್ಟ.

“ಇವನ್ನ ಮೇಲಂಗಿ ಒಳಗೆ ಹೊಲಿದುಬಿಡು ದಾಲು. ಹದಿನಾರು ಕಿಲೋ ಐತೆ.”

“ಮೊದ್ಲು ದೊಡ್ಡಾಸ್ಪತ್ರೆಗೆ ಬಾ. ಆಮೇಲೆ ಹೊಲೀತೀನಿ.”

“ತಲೆ ತಿನ್ಬೇಡ ಕಣೆ. ಸಣ್ಣಗಾದೋನಿಗೆ ಯಾವ ರೋಗ? ಹತ್ತು ವರ್ಷ ಚಿಕ್ಕೋನಾಗಿದೀಯಾ ಅಂತ ಊರೇ ಹೇಳ್ತೈತೆ.”

“ಊರಿಗೇನು ಗೊತ್ತು? ಅಳತೆ ತಗೊಳ್ಳೋಳು ನಾನು.”

ಅವನು ಗೋಡೆಗೆ ಮುಖ ಮಾಡಿ ಮಲಗಿದ. ಅವಳು ಹೊಲಿಯಲು ಕೂತಳು. ಈ ಸೀಸ ಹೊತ್ತು ನಾಲ್ಕು ದಿನ ಬಿಸಿಲಲ್ಲಿ ಕುಣಿದು ಇವನು ಜೀವಂತ ಮನೆಗೆ ಬರುತ್ತಾನೆಯೇ ಎಂಬ ಚಿಂತೆ ಅವಳಿಗೆ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಕೊನೆಗೆ ಗುಂಡು ತುಂಬಿದ ಅಂಚಿಗೆಲ್ಲ ಕಚ್ಚಾ ಹೊಲಿಗೆ ಹಾಕಿದಳು, ಒಂದು ದಾರ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುವಂಥದ್ದು.

ಶನಿವಾರ ಬೆಳಿಗ್ಗೆ ದೊಡ್ಡ ಮೀನು ತೂಗುವ ತಕ್ಕಡಿಯ ಮೇಲೆ ಎವಿಲಾಸಿಯೊ ಮೇಲಂಗಿ, ಕಿರೀಟ ತೊಟ್ಟು ನಿಂತ. ಮುಳ್ಳು ನೂರಿಪ್ಪತ್ತು ದಾಟಿತು. ಜನ ಡೋಲು ಬಡಿದರು. ರಾಜ ಗಟ್ಟಿಮುಟ್ಟಾಗಿದ್ದಾನೆಂದು ಬರೆದ ಕಾಗದಕ್ಕೆ ಸಹಿ ಹಾಕಲು ಜುಲೇಯ್ದೆ ಪೆನ್ನು ತೆಗೆದಳು. ದಾಲ್ವಿನಾ ಬಗ್ಗಿ ದಾರ ಎಳೆದಳು.

ಗುಂಡುಗಳು ಒದ್ದೆ ನೆಲದ ಮೇಲೆ ದಡದಡ ಉದುರಿದವು. ಮುಳ್ಳು ನೂರೈದಕ್ಕೆ ಬಂದು ನಿಂತಿತು.

“ಏನ್ ಮಾಡ್ದೆ ನೀನು? ಊರ ಮುಂದೆ ನನ್ ಮಾನ ಕಳೆದ್ಯಲ್ಲೇ,” ಎಂದ ಎವಿಲಾಸಿಯೊ. ಜನ ನಗತೊಡಗಿದರು. ಜುಲೇಯ್ದೆಯೂ ನಕ್ಕಳು.

“ಹೋಗ್ಲಿ ಬಿಡು ದೊರೆ. ಕಿರೀಟ ಹೋದ್ರೂ ಆರೋಗ್ಯ ಬಂತಲ್ಲ.”

“ಎಲ್ಲಿಂದ ಬಂತು?” ದಾಲ್ವಿನಾ ತಕ್ಕಡಿಯ ಮುಳ್ಳನ್ನು ತೋರಿಸಿದಳು. “ಇಬ್ಬರ ಊಟ ಇವನೊಬ್ಬನೇ ಮಾಡ್ತಾನೆ. ಕೊಡ ಖಾಲಿ ಮಾಡ್ತಾನೆ. ಆದ್ರೂ ಐದು ತಿಂಗಳಲ್ಲಿ ಇಪ್ಪತ್ತಾರು ಕಿಲೋ ಹೋಗೈತೆ. ಎಲ್ಲಿಗೆ ಹೋಯ್ತು ಹೇಳವ್ವ. ದಪ್ಪಗಿದ್ದಾಗ ಇವನ ಹೊಟ್ಟೆ ಬಿಟ್ಟು ಬೇರೇನೂ ನೋಡ್ಲಿಲ್ಲ ನೀನು. ಈಗಲಾದ್ರೂ ನೋಡು.”

ಜುಲೇಯ್ದೆಯ ನಗು ನಿಂತಿತು. ತನ್ನ ಚೀಲದಿಂದ ರಕ್ತದ ಸಕ್ಕರೆ ಅಳೆಯುವ ಯಂತ್ರ ತೆಗೆದು ಅವನ ಬೆರಳು ಚುಚ್ಚಿದಳು. ಯಂತ್ರ ಅಂಕಿಯನ್ನೇ ತೋರಿಸಲಿಲ್ಲ, ಅಳತೆ ಮೀರಿದೆ ಎಂದಷ್ಟೇ ತೋರಿಸಿತು. ಇನ್ನೊಂದು ಬೆರಳು ಚುಚ್ಚಿದಳು. ಮತ್ತೆ ಅದೇ.

“ಯಾರಾದ್ರೂ ಗಾಡಿ ತನ್ನಿ. ಈಗಲೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು,” ಅಂದಳು. ಆಮೇಲೆ ತಗ್ಗಿದ ದನಿಯಲ್ಲಿ, “ತಪ್ಪು ನನ್ದು ದಾಲ್ವಿನಾ.”

ಮೀನಿನ ಗಾಡಿಯ ಹಿಂದೆ ಗಂಡ ಹೆಂಡತಿ ಕೂತರು. ಗಾಡಿ ಹೊರಟಿತು. ಎವಿಲಾಸಿಯೊ ಮೇಲಂಗಿಯ ಜೋಲುತ್ತಿದ್ದ ಅಂಚನ್ನು ಹಿಡಿದುಕೊಂಡ.

“ನಂಗೂ ಭಯ ಆಗಿತ್ತು ಕಣೆ. ಇನ್ನು ಈ ಅಂಗಿ ನಂಗೆ ಯಾವತ್ತೂ ಆಗಲ್ವೇನೋ.”

“ಬಟ್ಟೆ ಕತ್ತರಿಸಿಲ್ಲ ನಾನು,” ಅಂದಳು ದಾಲ್ವಿನಾ. “ಎಲ್ಲಾ ಒಳಗೇ ಐತೆ. ನೀನು ಬದುಕು, ನಿನ್ನ ಅಳತೆಗೆ ಬಿಚ್ಚಿಕೊಡ್ತೀನಿ.”